ಸ್ನಾಯು

ಸಂಸ್ಕೃತದಿಂದ ಬಂದ ಪದ. ಅಲ್ಲಿ ಇದರ ಅರ್ಥ ಕೀಲುಗಳನ್ನು ಬಿಗಿಯುವ ನಾರು, ಹುರಿ. ಸುಶ್ರುತಸಂಹಿತೆ ಸ್ನಾಯುಗಳನ್ನು 900 ಎಂದೂ ಮಾಂಸಪೇಶಿಗಳನ್ನು 500 ಎಂದೂ ಬೇರೆಬೇರೆಯಾಗಿಯೇ ಎಣಿಸುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ಸ್ನಾಯು ಎಂದರೆ ಮಾಂಸಖಂಡವೇ.

ಬಗೆ ಮೂರು. ಮೀನಖಂಡದಂಥ ಐಚ್ಛಿಕ ಸ್ನಾಯುವಿನ ಉದ್ದನೆಯ ತಂತುಗಳಲ್ಲಿ ಅಡ್ಡಪಟ್ಟೆಗಳೂ ಅಂಚಿನಲ್ಲಿ ಹಲವು ಕೋಶಕೇಂದ್ರಗಳೂ ಇರುತ್ತವೆ. ಕರುಳು, ರಕ್ತನಾಳಗಳ ಅನೈಚ್ಛಿಕ ಸ್ನಾಯುವಿಗೆ ಪಟ್ಟೆಯಿಲ್ಲ. ಅದರ ಕೋಶ ಕದಿರಿನಂತೆ ಎರಡೂ ತುದಿ ಚೂಪು, ಕೋಶಕೇಂದ್ರ ಒಂದೇ. ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಮೂರನೆಯದರಲ್ಲಿ: ಹೃದಯಸ್ನಾಯುವಿಗೆ ಪಟ್ಟೆಯೂ ಉಂಟು, ಆದರೆ ಅದು ನಮ್ಮ ಮಾತು ಕೇಳದು. ಪಟ್ಟೆಯನ್ನಷ್ಟೇ ನಂಬಬೇಡಿ, ತಂತು ಕವಲೊಡೆದಿದೆಯೇ, ಕೋಶಗಳು ಕೂಡುವಲ್ಲಿ ದಟ್ಟ ಅಡ್ಡಗೆರೆ ಇದೆಯೇ ಎಂದು ನೋಡಿ.