ಖಾಲಿ ಪಂಜರದ ಕಾನೂನು

ಕಳೆದ ವರ್ಷ ವಯನಾಡಿನ ಕಲ್ಪೆಟ್ಟಕ್ಕೆ ಮದುವೆಯಾಗಿ ಹೋದ ನಮ್ಮ ಮಾಮಿಯ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಎರಡು ಪಂಜರ. ಒಂದರಲ್ಲಿ ಲವ್‌ಬರ್ಡ್‌ಗಳ ಗಲಾಟೆ, ಇನ್ನೊಂದು ಖಾಲಿ. ಅದರಲ್ಲಿದ್ದ ಗಿಳಿಯನ್ನು ಕೇಸಿಗೆ ಹೆದರಿ ಅವರೇ ಅರಣ್ಯ ಇಲಾಖೆಗೆ ಒಪ್ಪಿಸಿದ್ದರು. "ಆಫ್ರಿಕಾದ ಹಕ್ಕಿ ಸಾಕಬಹುದಂತೆ, ನಮ್ಮ ತೋಟದ ಗಿಳಿ ಸಾಕಿದರೆ ಜೈಲಂತೆ. ಇದೆಂಥಾ ಕಾನೂನು?" ಎಂದು ಮಾಮಿ ಕೇಳಿದರು. ಊರಿಗೆ ಬಂದ ಮೇಲೆ ಹಳೆಯ ಕಾಯ್ದೆಗಳನ್ನು ಹುಡುಕಿ ಓದಿದೆ.

1956ರವರೆಗೆ ನಮ್ಮ ದಕ್ಷಿಣ ಕನ್ನಡವೂ ವಯನಾಡು ಸೇರಿದ್ದ ಮಲಬಾರೂ ಮದ್ರಾಸಿನ ಆಡಳಿತದಲ್ಲೇ ಇದ್ದವು. ಹಾಗಾಗಿ ಮಂಗಳೂರಿನ ಹಕ್ಕಿಗೂ ಮಾನಂತವಾಡಿಯ ಹಕ್ಕಿಗೂ ಒಂದೇ ಕಾನೂನು. 1887ರ ಕಾಡುಹಕ್ಕಿ ಸಂರಕ್ಷಣಾ ಕಾಯ್ದೆ ಪೇಟೆಗಳಿಗೆ ಮಾತ್ರ ಸಂಬಂಧಿಸಿದ್ದು. ಮರಿ ಮಾಡುವ ಕಾಲದಲ್ಲಿ ಹಿಡಿದ ಅಥವಾ ಕೊಂದ ಹಕ್ಕಿಯನ್ನು ಮಾರಬಾರದೆಂದು ನಿಯಮ ಮಾಡುವ ಅಧಿಕಾರವನ್ನು ಅದು ಪುರಸಭೆ ಮತ್ತು ದಂಡುಪ್ರದೇಶಗಳಿಗೆ ಕೊಟ್ಟಿತು. 1912ರ ಕಾಯ್ದೆ ಇಷ್ಟಿಷ್ಟು ತಿಂಗಳು ಹಿಡಿಯಬಾರದು ಎಂದು ನಿಗದಿ ಮಾಡುವ ಅಧಿಕಾರವನ್ನು ಸರಕಾರಗಳಿಗೆ ನೀಡಿತು. ಅದರ ಪಟ್ಟಿಯಲ್ಲಿ ನವಿಲು, ಕಾಡುಕೋಳಿ, ಬಾತುಗಳಿದ್ದವು. ಇವೆಲ್ಲ ಸಾಹೇಬರ ಬೇಟೆಯ ಹಕ್ಕಿಗಳು. ಜೊತೆಗೆ ಬೆಳ್ಳಕ್ಕಿ, ಮಿಂಚುಳ್ಳಿಗಳೂ ಇದ್ದವು. ಯುರೋಪಿನ ಹೆಂಗಸರ ಟೋಪಿಗೆ ಗರಿ ಹೋಗುತ್ತಿದ್ದ ಹಕ್ಕಿಗಳಿವು. ಗಿಳಿಯಾಗಲಿ ಮೈನಾ ಆಗಲಿ ಆ ಪಟ್ಟಿಯಲ್ಲಿ ಇರಲೇ ಇಲ್ಲ. ನಮ್ಮ ಹಿರಿಯರ ಜಗಲಿಯಲ್ಲಿ ಪಂಜರ ತೂಗುತ್ತಿದ್ದರೆ ಅದು ಕಾನೂನು ಮುರಿದು ಅಲ್ಲ.

ಗಿಳಿಗೆ ಕಾನೂನಿನಲ್ಲಿ ಜಾಗ ಸಿಕ್ಕಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ. ಕೇರಳದಲ್ಲಿ ಅದು 1973ರಲ್ಲಿ ಜಾರಿಯಾಯಿತು. ವಯನಾಡು ಅಭಯಾರಣ್ಯ ಘೋಷಣೆಯಾದದ್ದೂ ಅದೇ ವರ್ಷ. ಆದರೂ ಗಿಳಿಯನ್ನು ಇಟ್ಟದ್ದು ನಾಲ್ಕನೇ ಅನುಸೂಚಿಯಲ್ಲಿ, ಅಂದರೆ ಲೈಸೆನ್ಸ್ ಪಡೆದು ಹಿಡಿಯಲು ಅವಕಾಶವಿದ್ದ ಪ್ರಾಣಿಗಳ ಸಾಲಿನಲ್ಲಿ. ಬಾಗಿಲು ಪೂರ್ತಿ ಮುಚ್ಚಿದ್ದು 1991ರ ತಿದ್ದುಪಡಿ. ಆ ವರ್ಷ ಅಕ್ಟೋಬರ್ 2ರಿಂದ ಆ ಲೈಸೆನ್ಸ್‌ಗಳೇ ಇಲ್ಲವಾದವು. ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ. ಗೂಡನ್ನೋ ಮೊಟ್ಟೆಯನ್ನೋ ಕದಡುವುದೂ ಬೇಟೆಯೇ. ಹಾಗಾಗಿ ಆಮೇಲೆ ಹಿಡಿದ ಗಿಳಿಗೆ ಕಾನೂನುಬದ್ಧ ಒಡೆಯನೆಂಬವನಿಲ್ಲ. ಅದು ರಾಜ್ಯ ಸರಕಾರದ ಸೊತ್ತು. 2023ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ತಿದ್ದುಪಡಿಯಲ್ಲಿ ಕೆಂಪು ಕೊರಳಪಟ್ಟಿಯ ನಮ್ಮ ಸಾಮಾನ್ಯ ಗಿಳಿ ಎರಡನೇ ಅನುಸೂಚಿಗೆ ಬಂದಿದೆ. ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಮಾಮಿಯ ಪ್ರಶ್ನೆಗೆ ಉತ್ತರ ಮರದ ಪೊಟರೆಯಲ್ಲಿದೆ. ವಯನಾಡಿನ ಕಾಡಿನಲ್ಲಿ ನೀಲಿ ರೆಕ್ಕೆಯ ಗಿಳಿಯೊಂದಿದೆ, ಮಲಯಾಳಿಗಳು ನೀಲತತ್ತ ಅನ್ನುತ್ತಾರೆ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಮರಕುಟಿಗ ಕೊರೆದು ಬಿಟ್ಟ ಪೊಟರೆ ಸಿಕ್ಕಿದರೆ ಮಾತ್ರ ಅದಕ್ಕೆ ಸಂಸಾರ. ಮರಿಗಾಗಿ ಪೊಟರೆ ಒಡೆದರೆ ಮುಂದಿನ ವರ್ಷದ ಗೂಡೂ ಹೋಯಿತು. ಪಂಜರದ ಬಜರಿಗರ್ ಪಂಜರದಲ್ಲೇ ಮರಿಯಾದದ್ದು, ನಮ್ಮ ಗಿಳಿ ಹೆಚ್ಚಾಗಿ ಕಾಡಿನಿಂದ ಕದ್ದದ್ದು. ವಿದೇಶಿ ಹಕ್ಕಿಗೂ ಪೂರ್ತಿ ಬಿಡುಗಡೆ ಇಲ್ಲ ಎನ್ನಿ: ಮಕಾವ್, ಆಫ್ರಿಕನ್ ಗ್ರೇ ಇಟ್ಟವರು 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಆದರೆ ಈ ಕಾನೂನನ್ನು ಜನರಿಗೆ ತಿಳಿಸುವ ಕೆಲಸ ಸರಿಯಾಗಿ ಆಗಲಿಲ್ಲ ಎಂಬುದು ನನ್ನ ತಕರಾರು. ತೋಟದ ಲೈನ್ ಮನೆಯ ಮಗು ಗಾಳಿಗೆ ಬಿದ್ದ ಮರಿಯನ್ನು ಎತ್ತಿ ತಂದರೆ ಮನೆಯವರು ಕರುಣೆಯಿಂದ ಅನ್ನ ತಿನ್ನಿಸುತ್ತಾರೆ. ಅಂಥದ್ದನ್ನು 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕೆಂದು 39ನೇ ಸೆಕ್ಷನ್ ಹೇಳುವುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು?

ಮಾಮಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿ, "ಅಲ್ಲಿ ಅದಕ್ಕೆ ಪೇರಳೆ ಹಣ್ಣು ಕೊಡುತ್ತಾರಾ?" ಎಂದರು.