ಬಾಯ್ಕಾಟ್: ಒಬ್ಬ ಮನುಷ್ಯನ ಹೆಸರು

ಇಂಗ್ಲಿಷಿನಲ್ಲಿ ಕೆಲವು ಪದಗಳ ಹಿಂದಿನ ಕಥೆ ಗೊತ್ತಾದರೆ ಅರ್ಥವನ್ನು ಉರು ಹೊಡೆಯಬೇಕಾಗಿಲ್ಲ. ‘ಬಾಯ್ಕಾಟ್’ ಅಂಥದ್ದು.

ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೊ ಸೀಮೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟ್. 1880ರಲ್ಲಿ ಗೇಣಿ ಇಳಿಸಿ ಎಂದು ರೈತರು ಕೇಳಿದರು. ಅವರನ್ನು ಒಕ್ಕಲೆಬ್ಬಿಸಲು ಅವನು ಹೊರಟ. ರೈತರು ಕೈ ಎತ್ತಲಿಲ್ಲ, ಬೆನ್ನು ತಿರುಗಿಸಿದರು. ಆಳುಗಳು ಹೊಲ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಬೇರೆ ಸೀಮೆಗಳಿಂದ ಸುಮಾರು ಐವತ್ತು ಜನ ಬಂದು, ಸಾವಿರದಷ್ಟು ಸೈನಿಕರ ಕಾವಲಿನಲ್ಲಿ ಆಲೂಗಡ್ಡೆ, ಟರ್ನಿಪ್ ಕಿತ್ತರು. ಬೆಳೆಯ ಬೆಲೆ ಸುಮಾರು 500 ಪೌಂಡ್. ಅದನ್ನು ಕೀಳಿಸಲು ಆದ ಖರ್ಚು 10,000 ಪೌಂಡಿಗೂ ಹೆಚ್ಚು! ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಐರ್ಲೆಂಡ್ ಬಿಟ್ಟ. ಹೆಸರು ಮಾತ್ರ ಕ್ರಿಯಾಪದವಾಗಿ ಫ್ರೆಂಚ್, ಜರ್ಮನ್ ಭಾಷೆಗಳಿಗೂ ಹೋಯಿತು. ಬರಿಗೈಯ ಬಡವರು ನಿಘಂಟಿಗೆ ಕೊಟ್ಟ ಇಂಥ ಪದ ನನಗೆ ಬಲು ಪ್ರಿಯ.

ನಮ್ಮಲ್ಲಿ 1905ರ ಬಂಗಾಳ ವಿಭಜನೆಯ ವಿರುದ್ಧ ಎದ್ದ ಸ್ವದೇಶಿ ಚಳವಳಿ ಈ ಪದವನ್ನು ಮನೆಮಾತಾಗಿಸಿತು.

ಬಳಕೆಯಲ್ಲಿ ಒಂದು ಎಚ್ಚರ ಬೇಕು. ‘ಸ್ಟ್ರೈಕ್’ ಎಂದರೆ ಮುಖ್ಯವಾಗಿ ಕೆಲಸ ನಿಲ್ಲಿಸುವುದು. ‘ಬಾಯ್ಕಾಟ್’ ಎಂದರೆ ಕೊಳ್ಳುವುದು, ಭಾಗವಹಿಸುವುದು, ಒಡನಾಡುವುದನ್ನು ನಿಲ್ಲಿಸುವುದು. ಕನ್ನಡದಲ್ಲಿ ‘ಸಭೆಯನ್ನು ಬಹಿಷ್ಕರಿಸಿದರು’ ಎನ್ನುವಂತೆಯೇ ಇಂಗ್ಲಿಷಿನಲ್ಲೂ ಇದು ನೇರವಾಗಿ ಕರ್ಮಪದವನ್ನು ಹಿಡಿಯುತ್ತದೆ, ನಡುವೆ ‘ಫ್ರಮ್’, ‘ಅಗೇನ್‌ಸ್ಟ್’ ಬೇಡ. ಈಗ ಬರೆಯುವಾಗ ಮೊದಲಕ್ಷರವೂ ದೊಡ್ಡದಲ್ಲ.