ಟ್ಯೂಬ್‌ಲೈಟಿಗೆ ಬಡಿದ ದುಂಬಿಗೊಂದು ಹೆಸರು



ಸರೋಜಿನಿ ನಗರದ ಹಳೆಯ ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಇದ್ದು ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಆ ಬಡಾವಣೆಗೆ ವಿನಯ ನಗರ ಎಂಬ ಹೆಸರಿದ್ದ ಕಾಲದಲ್ಲೇ ಊರಿನಿಂದ ಟ್ರಂಕು ಹೊತ್ತು ಬಂದ ಹಿರಿಯರೂ ಇರಬಹುದು. ಬಿಸಿಲಿಗೆ ಬೆಂದ ದೆಹಲಿಗೆ ಮೊದಲ ದೊಡ್ಡ ಮಳೆ ಬಿದ್ದ ಸಂಜೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ವರಾಂಡದ ಟ್ಯೂಬ್‌ಲೈಟಿಗೆ ‘ಟಪ್’ ಎಂದು ಏನೋ ಬಡಿಯುತ್ತದೆ. ನೆಲಕ್ಕೆ ಬಿದ್ದು, ಅಂಗಾತವಾಗಿ, ಆರೂ ಕಾಲು ಆಡಿಸುತ್ತ ಬುಗುರಿಯಂತೆ ಸುತ್ತುತ್ತದೆ. ಅಮ್ಮ ಪೊರಕೆ ತರುತ್ತಾಳೆ. ಮಕ್ಕಳು ಬೆಂಕಿಪೊಟ್ಟಣ ತರುತ್ತಾರೆ. ಅಪ್ಪ ಪೇಪರಿನಿಂದ ಕತ್ತೆತ್ತದೆ ‘ಏನೋ ಹುಳ, ಬಿಡ್ರೋ’ ಅನ್ನುತ್ತಾರೆ.

ಆ ‘ಏನೋ ಹುಳ’ದ ಚರಿತ್ರೆಯೇ ಈ ಸಲದ ಬರಹ. ಹುಳಕ್ಕೂ ಚರಿತ್ರೆಯೇ ಎಂದು ನಗಬೇಡಿ. ಒಂದು ಜೀವಿಗೆ ಹೆಸರಿಡುವ ಕೆಲಸದಲ್ಲಿ ಸೆರೆಮನೆಯಿದೆ, ಭೂಕಂಪವಿದೆ, ಕಾರವಾರದ ಕಾಡಿದೆ, ಕಾಸರಗೋಡಿನ ತೆಂಗಿನ ತೋಟವಿದೆ. ಹೆಸರು ತಪ್ಪಿದರೆ ರೈತನ ಒಂದು ವರ್ಷದ ದುಡಿಮೆ ಮಣ್ಣುಪಾಲಾಗುವುದೂ ಇದೆ.

ಮೊದಲು ಒಂದು ತಮಾಷೆಯ ಸಂಗತಿ. ಹಿಂದೆ ನಮ್ಮ ದೇಶದಲ್ಲಿ ನೆಲ ಅಗೆಯುವಾಗ ಗುಂಡಗಿನ, ಗಟ್ಟಿಯಾದ ದೊಡ್ಡ ಉಂಡೆಗಳು ಸಿಗುತ್ತಿದ್ದವು. ಹಳೆಯ ಕಾಲದ ಕಲ್ಲಿನ ಫಿರಂಗಿ ಗುಂಡುಗಳಿರಬೇಕು ಎಂದೇ ನೋಡಿದವರು ತಿಳಿದಿದ್ದರು. ಒಂದು ದಿನ ಅಂಥ ಒಂದು ಗುಂಡನ್ನು ಒಡೆದುಕೊಂಡು ಒಳಗಿನಿಂದ ದುಂಬಿಯೊಂದು ಹೊರಬಂತು! ಅದು ಹೀಲಿಯೋಕಾಪ್ರಿಸ್ ಎಂಬ ದೈತ್ಯ ಸಗಣಿ ದುಂಬಿಯ ಮನೆ. ಈ ಕುಲದ ಡಾಮಿನಸ್ ಎಂಬ ಪ್ರಭೇದ ಆನೆಯ ಲದ್ದಿಯನ್ನು ನೆಲದಡಿಗೆ ಸಾಗಿಸಿ, ಉಂಡೆ ಕಟ್ಟಿ, ಮೇಲೆ ಮಣ್ಣು ಮೆತ್ತಿ, ಒಳಗೆ ಮೊಟ್ಟೆಯಿಡುತ್ತದೆ. ಮರಿ ಆ ಉಂಡೆಯನ್ನೇ ಒಳಗಿನಿಂದ ತಿಂದು ಬೆಳೆಯುತ್ತದೆ. ಅದಕ್ಕೆ ಹೆಸರಿಟ್ಟವರು ಬೇಟ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು, 1868ರಲ್ಲಿ. ನಮ್ಮ ಕಾಡಿನ ಆನೆಯ ಹಿಂದೆ ಓಡಾಡಿಕೊಂಡಿದ್ದ ಹುಳಕ್ಕೆ ನಾಮಕರಣವಾದದ್ದು ಸಮುದ್ರದಾಚೆ.

ಹೀಗೇಕಾಯಿತು? ಸ್ವಲ್ಪ ಹಿಂದಕ್ಕೆ ಹೋಗೋಣ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ಗಟ್ಟಿಯಾಯಿತು. ನಮ್ಮ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಆ ಪುಸ್ತಕದಲ್ಲೇ ಇದೆ. ಲಿನೇಯಸ್‌ರ ಶಿಷ್ಯ ಕ್ಯೋನಿಗ್ 1768ರಲ್ಲಿ ಡೇನರ ವಶದಲ್ಲಿದ್ದ ತರಂಗಂಬಾಡಿಗೆ ವೈದ್ಯರಾಗಿ ಬಂದರು. ಗಿಡಮೂಲಿಕೆ, ಹುಳಹುಪ್ಪಟೆ ಎಲ್ಲವನ್ನೂ ಕೂಡಿಟ್ಟು ಯುರೋಪಿಗೆ ಕಳಿಸುತ್ತಿದ್ದರು. ಇನ್ನೊಬ್ಬ ಶಿಷ್ಯ ಫ್ಯಾಬ್ರಿಷಿಯಸ್ ಅಲ್ಲಿ ಕುಳಿತು ಸಾವಿರಾರು ಕೀಟಗಳನ್ನು ವರ್ಣಿಸಿದರು. ಕರ್ನಾಟಕದ ಕಬ್ಬು, ಕಡಲೆಕಾಯಿಯ ಬೇರು ತಿನ್ನುವ ಗೊಣ್ಣೆಹುಳುವಿನ ದುಂಬಿಗೆ ‘ಸೆರ‍್ರೇಟಾ’ ಎಂಬ ಹೆಸರು ಬಂದದ್ದು ಅವರಿಂದಲೇ.

ನೆಲ ಕೊರೆಯುವ ದುಂಬಿಗಳ ಒಂದು ಪಂಗಡಕ್ಕೆ ಜಿಯೋಟ್ರೂಪಿಡೆ ಎನ್ನುತ್ತಾರೆ. ಗ್ರೀಕಿನಲ್ಲಿ ಅದರ ಅರ್ಥವೂ ನೆಲ ಕೊರೆಯುವವ ಎಂದೇ. ಈ ಪಂಗಡದ ಮೊದಲ ಕುಲ ಜಿಯೋಟ್ರೂಪ್ಸ್‌ಗೆ ಹೆಸರಿಟ್ಟವರು ಫ್ರಾನ್ಸಿನ ಲಾತ್ರೇಯ್. ಅವರು ಪಾದ್ರಿ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಬೋರ್ಡೋ ನಗರದ ಸೆರೆಮನೆ ಸೇರಿದ್ದರು. ಕೈದಿಗಳನ್ನು ನೋಡಲು ಬಂದ ವೈದ್ಯರಿಗೆ ನೆಲದ ಮೇಲಿನ ಒಂದು ದುಂಬಿಯನ್ನೇ ನೋಡುತ್ತ ಮೈಮರೆತ ಈ ಮನುಷ್ಯ ಕಂಡರು. ‘ಇದು ಅಪರೂಪದ್ದು’ ಎಂದರು ಲಾತ್ರೇಯ್. ವೈದ್ಯರು ಅದನ್ನು ಒಯ್ದು ಪ್ರಕೃತಿಯ ಹುಚ್ಚಿದ್ದ ಒಬ್ಬ ಹುಡುಗನಿಗೆ ಕೊಟ್ಟರು. ಆ ಹುಡುಗನಿಗೆ ಲಾತ್ರೇಯ್ ಹೆಸರು ಗೊತ್ತಿತ್ತು. ಅವನ ಪ್ರಯತ್ನದಿಂದ ಪಾದ್ರಿಗೆ ಬಿಡುಗಡೆಯಾಯಿತು. ಜೊತೆಯಲ್ಲಿದ್ದ ಕೈದಿಗಳು ಹೆಚ್ಚು ದಿನ ಬದುಕಲಿಲ್ಲ. ಒಂದು ಪುಟ್ಟ ದುಂಬಿ ಒಂದು ಜೀವ ಉಳಿಸಿತು ಅನ್ನಿ.

ಈಗ ನಮ್ಮ ಉತ್ತರ ಕನ್ನಡಕ್ಕೆ ಬನ್ನಿ. 1880ರ ದಶಕದಲ್ಲಿ ಅರಣ್ಯ ಇಲಾಖೆಗೆ ಸೇರಿ ಧಾರವಾಡ, ಕಾರವಾರಗಳಲ್ಲಿ ಕೆಲಸ ಮಾಡಿದ ಟಿ.ಆರ್. ಬೆಲ್ ಎಂಬ ಐರಿಶ್ ಅಧಿಕಾರಿ ಇದ್ದರು. ಉಪ್ಪಿನ ಇಲಾಖೆಯ ಐಟ್ಕನ್, ಕಲೆಕ್ಟರ್ ಡೇವಿಡ್‌ಸನ್ ಅವರ ಗೆಳೆಯರು. ಮೂವರೂ ಸೇರಿ 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬರೆದರು. ಬೆಲ್ ಹಿಡಿದ ದುಂಬಿಗಳು ಆಂಡ್ರ್ಯೂಸ್ ಎಂಬ ತಜ್ಞರ ಕೈಗೆ ಹೋದವು. ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಗಿಲ್ಬರ್ಟ್ ಆ್ಯರೋ ಎಂಬುವರು ಭಾರತದಿಂದ ಬಂದ ಇಂಥ ದುಂಬಿಗಳನ್ನೆಲ್ಲ ವಿಂಗಡಿಸಿ 1910, 1917 ಮತ್ತು 1931ರಲ್ಲಿ ಮೂರು ಸಂಪುಟ ಬರೆದರು. ಸಗಣಿ ದುಂಬಿಗಳದ್ದು 1931ರ ಸಂಪುಟ. ಇಂದಿಗೂ ನಮ್ಮ ವಿದ್ಯಾರ್ಥಿಗಳು ಮೊದಲು ತೆರೆಯುವುದು ಅದನ್ನೇ. ಸೂಜಿಗೆ ಚುಚ್ಚಿದ ಚೀಟಿಯ ಮೇಲೆ ಸಾಹೇಬರ ಹೆಸರಿರುತ್ತದೆ. ರಾತ್ರಿ ಲಾಟೀನು ಹಿಡಿದು ಜೊತೆಗೆ ನಡೆದವರ ಹೆಸರು ಅಲ್ಲಿ ಹುಡುಕಬೇಡಿ.

ಹಾಗಾದರೆ ನಮ್ಮಲ್ಲೇ ಇಂಥ ಸಂಗ್ರಹ ಇಲ್ಲವೇ? ಇದೆ, ಅದೂ ನಿಮ್ಮ ಮನೆಯ ಹತ್ತಿರ! ಸರೋಜಿನಿ ನಗರದಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಪೂಸಾ ಇದೆ. ಅಮೆರಿಕದ ಫಿಪ್ಸ್ ಎಂಬ ದಾನಿಯ ಹಣದಿಂದ 1905ರಲ್ಲಿ ಬಿಹಾರದ ಪೂಸಾ ಎಂಬ ಊರಿನಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಶುರುವಾಯಿತು. ಫಿಪ್ಸ್‌ನ ‘ಪಿ’ಗೆ ಯು.ಎಸ್.ಎ. ಸೇರಿ ಪೂಸಾ ಆಯಿತು ಎಂದು ಹೇಳುವವರಿದ್ದಾರೆ. ನಂಬಬೇಡಿ, ಊರಿನ ಹೆಸರು ಅದಕ್ಕಿಂತ ಹಳೆಯದು. ಅಲ್ಲಿ ಮ್ಯಾಕ್ಸ್‌ವೆಲ್ ಲೆಫ್ರಾಯ್ ಕೀಟಗಳ ಸಂಗ್ರಹ ಕಟ್ಟತೊಡಗಿದರು. 1934ರ ಜನವರಿ 15ರಂದು ಬಿಹಾರ ನಡುಗಿತು. ಕಟ್ಟಡ ಹಾಳಾಯಿತು. 1936ರಲ್ಲಿ ಸಂಸ್ಥೆ ದೆಹಲಿಗೆ ಬಂತು. ಹಳೆಯ ಊರಿನ ಹೆಸರನ್ನೂ ಸೂಜಿಗೆ ಚುಚ್ಚಿದ ಹುಳಗಳನ್ನೂ ಹೊತ್ತು ತಂದಿತು. ಇಂದು ಆ ರಾಷ್ಟ್ರೀಯ ಪೂಸಾ ಸಂಗ್ರಹದಲ್ಲಿ 5 ಲಕ್ಷಕ್ಕೂ ಹೆಚ್ಚು ಕೀಟಗಳಿವೆ. ಊರು ಬಿಟ್ಟು ಬಂದು ದೆಹಲಿಯಲ್ಲಿ ನೆಲೆನಿಂತ ನಮ್ಮಂಥದೇ ಕಥೆ ಆ ಹುಳಗಳದ್ದೂ!

ಮೈಸೂರು ಸಂಸ್ಥಾನವೂ ಹಿಂದೆ ಬಿದ್ದಿರಲಿಲ್ಲ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಸಂಸ್ಥಾನದ ಕೆಲಸಕ್ಕೆ ಬಂದರು. ಅಡಿಕೆಯ ಕೊಳೆರೋಗಕ್ಕೆ ದಾರಿ ಹುಡುಕಿದ ಕೋಲ್ಮನ್ ಇವರೇ. ಜೋಳದ ಹೊಲ ಮುಕ್ಕುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯನ್ನು ಸ್ಪೇನಿನ ಬೊಲಿವಾರ್ 1910ರಲ್ಲಿ ವರ್ಣಿಸಿ, ಕುಲದ ಹೆಸರನ್ನೇ ‘ಕೋಲ್ಮೇನಿಯಾ’ ಎಂದಿಟ್ಟರು. ಮುಂದೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ. ವೀರೇಶ್ ಕರ್ನಾಟಕದ ಬೇರುಹುಳುಗಳನ್ನು ಅಗೆದು ತೆಗೆದು ಅಧ್ಯಯನ ಮಾಡಿ 1977ರಲ್ಲಿ ಒಂದು ಗ್ರಂಥವನ್ನೇ ಹೊರತಂದರು. ಮುಂಗಾರಿನ ಮೊದಲ ಮಳೆಗೆ ನೆಲದಿಂದ ಎದ್ದ ದುಂಬಿಗಳು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಆಗಲೇ ಊರಿನವರೆಲ್ಲ ಸೇರಿ ಕೊಂಬೆ ಅಲ್ಲಾಡಿಸಿ ಹಿಡಿದರೆ ಮುಂದೆ ಬೆಳೆ ಉಳಿಯುತ್ತದೆ. ಇಷ್ಟು ಸರಳ ಉಪಾಯವೂ ಹುಳ ಯಾವುದು, ಅದು ಯಾವಾಗ ಏಳುತ್ತದೆ ಎಂದು ಗೊತ್ತಿದ್ದರೆ ಮಾತ್ರ ಫಲ ಕೊಡುತ್ತದೆ.

ಇಲ್ಲೇ ನೋಡಿ ಹೆಸರಿನ ಬೆಲೆ. ಮಲೆನಾಡು, ಕರಾವಳಿ, ಕಾಸರಗೋಡಿನ ಅಡಿಕೆ-ತೆಂಗಿನ ತೋಟದವರಿಗೆ ಬೇರುಹುಳ ಎಂದರೆ ಎದೆ ಧಸಕ್ಕೆನ್ನುತ್ತದೆ. ಸೋಗೆ ಹಳದಿಯಾಗಿ, ಇಳುವರಿ ಕುಸಿದು, ಮರ ಸೊರಗುತ್ತದೆ. ಎಲ್ಲವೂ ಬಿಳಿ ಮೈಯ, ಕಂದು ತಲೆಯ, ಕೊಕ್ಕೆಯಂತೆ ಬಾಗಿದ ಹುಳಗಳೇ. ಕಣ್ಣಿಗೆ ಒಂದೇ ಥರ. ಆದರೆ ಲ್ಯೂಕೋಫೋಲಿಸ್ ಎಂಬ ಈ ಕುಲದಲ್ಲಿ ಕೊನಿಯೋಫೋರಾ ವರ್ಷಕ್ಕೊಂದು ತಲೆಮಾರು ಮುಗಿಸಿದರೆ, ಬರ್ಮೈಸ್ಟರಿ ಎರಡು ವರ್ಷ ಮಣ್ಣಿನಲ್ಲೇ ಇರುತ್ತದೆ. ಒಂದರ ಲೆಕ್ಕ ಹಿಡಿದು ಇನ್ನೊಂದಕ್ಕೆ ಮದ್ದು ಹೊಡೆದರೆ? ಹಣವೂ ಹೋಯಿತು, ಮರವೂ ಹೋಯಿತು, ಬಾವಿಯ ನೀರಿಗೆ ವಿಷ ಸೇರಿದ್ದೊಂದೇ ಲಾಭ.

ಹೊಸ ಪ್ರಭೇದ ಎಂದು ಸಾರುವುದು ಹೇಗೆ ಎಂದು ಕೇಳುತ್ತೀರಾ? ಹಿಡಿದ ದುಂಬಿಯನ್ನು ಸೂಜಿಗೆ ಚುಚ್ಚಿ, ಊರು, ತಾರೀಖು, ಹಿಡಿದವರ ಹೆಸರು ಬರೆದ ಚೀಟಿ ಹಚ್ಚುತ್ತಾರೆ. ಮೀಸೆಯ ಗೆಣ್ಣು ಎಣಿಸುತ್ತಾರೆ. ಜಿಯೋಟ್ರೂಪಿಡೆ ಪಂಗಡಕ್ಕೆ 11 ಗೆಣ್ಣು, ಸಗಣಿ ದುಂಬಿ, ಗೊಣ್ಣೆ ದುಂಬಿಗಳಿಗೆ ಅದಕ್ಕಿಂತ ಕಡಿಮೆ. ಕೊಂಬು, ಮುಂಗಾಲಿನ ಹಲ್ಲು, ಬೆನ್ನ ಮೇಲಿನ ಗೆರೆ, ಕೊನೆಗೆ ಗಂಡಿನ ಜನನಾಂಗದ ಆಕಾರ. ಹೊರಗೆ ಅವಳಿಗಳಂತೆ ಕಂಡರೂ ಬೇರೆ ಜಾತಿಯೆಂದು ಹೇಳಿಬಿಡುವುದು ಹೆಚ್ಚಾಗಿ ಈ ಕೊನೆಯ ಗುರುತೇ. ಈಗ ಡಿ.ಎನ್.ಎ. ಪರೀಕ್ಷೆಯೂ ಜೊತೆಗಿದೆ. ಹಿಂದೆ ಬಂದ ವರ್ಣನೆಗಳಿಗೆಲ್ಲ ಹೋಲಿಸಿ, ಒಂದು ಮಾದರಿಯನ್ನು ಮೂಲ ಮಾದರಿ ಎಂದು ಆರಿಸಿ, ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸದಾಗಿ ಕಂಡ ಜೀವಿಯ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಒಪ್ಪಿಸಲೇಬೇಕು. ಹಳೆಯ ಮೂಲ ಮಾದರಿಗಳನ್ನು ಹುಡುಕಿಕೊಂಡು ಲಂಡನ್, ಕೋಪನ್‌ಹೇಗನ್‌ಗಳತ್ತ ನೋಡುವ ಪಾಡು ಮುಂದಿನವರಿಗೆ ಬೇಡ ಎಂಬ ಎಚ್ಚರ ಅದರಲ್ಲಿದೆ.

ಈ ಕೆಲಸ ಮುಗಿದಿಲ್ಲ. ಫ್ರಾನ್ಸಿನ ಬೂಕೋಮೋಂ 1909ರಲ್ಲಿ ಬೋಲ್ಬೋಕ್ರೋಮಸ್ ಎಂಬ ನೆಲ ಕೊರೆಯುವ ದುಂಬಿಗಳ ಏಷ್ಯಾದ ಕುಲವೊಂದನ್ನು ಗುರುತಿಸಿದ್ದರು. ಶತಮಾನ ಕಳೆದ ಮೇಲೆ, 2013ರಲ್ಲಿ, ತೈವಾನಿನ ಲೀ ಮತ್ತು ನೆದರ್‌ಲೆಂಡ್ಸ್‌ನ ಕ್ರಿಕನ್ ಅದೇ ಕುಲಕ್ಕೆ ಥಾಯ್ಲೆಂಡ್, ವಿಯೆಟ್ನಾಂ, ಮಲೇಷ್ಯಾಗಳಿಂದ ಮೂರು ಹೊಸ ಪ್ರಭೇದ ಸೇರಿಸಿದರು. ಹಳೆಯ ಹೆಸರುಗಳೂ ತಿದ್ದುಪಡಿಯಾಗುತ್ತವೆ. ಆಸ್ಟ್ರೇಲಿಯಾದವರು ದನಗಳ ಸಗಣಿ ಕರಗಿಸಲು 1968ರಲ್ಲಿ ಬಿಟ್ಟ ಗಜೆಲಾ ಎಂಬ ಸಗಣಿ ದುಂಬಿ ಭಾರತದಲ್ಲೂ ಇದೆ ಎಂದೇ ಪುಸ್ತಕಗಳಲ್ಲಿತ್ತು. 2017ರಲ್ಲಿ ಆ ಕುಲವನ್ನು ಮತ್ತೆ ಪರಿಶೀಲಿಸಿದಾಗ ಗಜೆಲಾ ಆಫ್ರಿಕಾದ್ದು, ನಮ್ಮದು ಬೋನಾಸಸ್ ಎಂಬ ಬೇರೆಯೇ ಪ್ರಭೇದ ಎಂದು ತಿಳಿಯಿತು. ನಮ್ಮ ಹಟ್ಟಿಯ ಹುಳ ಇಷ್ಟು ದಿನ ಯಾರದೋ ಹೆಸರಿನಲ್ಲಿ ರೇಷನ್ ಕಾರ್ಡ್ ಮಾಡಿಸಿಕೊಂಡಿತ್ತು!

ಮತ್ತೆ ಸರೋಜಿನಿ ನಗರಕ್ಕೇ ಬರೋಣ. 2018ರಲ್ಲಿ ಹಳೆಯ ಕ್ವಾರ್ಟರ್ಸ್ ಕೆಡವಿ ಹೊಸ ಕಟ್ಟಡ ಎಬ್ಬಿಸಲು ಸಾವಿರಾರು ಮರ ಕಡಿಯುವ ಯೋಜನೆ ಬಂದಾಗ ಜನ ಬೀದಿಗಿಳಿದರು. ದೆಹಲಿ ಹೈಕೋರ್ಟ್ ಮರ ಕಡಿಯುವುದಕ್ಕೆ ತಡೆ ಕೊಟ್ಟಿತು. ಆಗ ಪೇಪರಿನಲ್ಲಿ ಮರಗಳ ಲೆಕ್ಕ ದಿನಾ ಬರುತ್ತಿತ್ತು. ಆ ಮರಗಳ ಬುಡದ ಮಣ್ಣಿನಲ್ಲಿ ಯಾರ‍್ಯಾರು ವಾಸವಿದ್ದಾರೆ ಎಂಬ ಲೆಕ್ಕ ನಾನಂತೂ ಓದಲಿಲ್ಲ. ಸಗಣಿ, ಕಸವನ್ನು ಒಳಗೆಳೆದು ಗೊಬ್ಬರ ಮಾಡುವವರು, ಬಿಲ ತೋಡಿ ನೀರು ಇಂಗುವಂತೆ ಮಾಡುವವರು ಅವರು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಒಕ್ಕಲೆಬ್ಬಿಸುವುದು ಸುಲಭ. ಗೊತ್ತಾಗದೆ ಹೋದವರಿಗಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ.

ಆದ್ದರಿಂದ ಗೆಳೆಯರೇ, ಮುಂದಿನ ಮಳೆಗೆ ನಿಮ್ಮ ದೀಪಕ್ಕೆ ‘ಟಪ್’ ಎಂದು ಯಾರಾದರೂ ಬಡಿದರೆ ಪೊರಕೆಯನ್ನು ಒಂದು ನಿಮಿಷ ಬದಿಗಿಡಿ. ಮೊಬೈಲಿನಲ್ಲಿ ಮೇಲಿನಿಂದ, ಪಕ್ಕದಿಂದ ಎರಡು ಫೋಟೋ ತೆಗೆಯಿರಿ. ತಾರೀಖು, ಜಾಗ ಬರೆದಿಡಿ, ಆ ಚೀಟಿಯಿಲ್ಲದಿದ್ದರೆ ಮ್ಯೂಸಿಯಮ್ಮಿನ ಹುಳಕ್ಕೂ ಬೆಲೆಯಿಲ್ಲ. ಮಕ್ಕಳಿಗೆ ಮೀಸೆಯ ಗೆಣ್ಣು ಎಣಿಸಲು ಹೇಳಿ. ಆಮೇಲೆ ಕುಂಡದ ಮಣ್ಣಿನ ಮೇಲೆ ಬಿಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ತಲೆ ತಗ್ಗಿಸಿ ನೆಲ ಕೊರೆದು ಒಳಗೆ ಹೋಗುತ್ತದೆ. ಅಪ್ಪ ‘ಏನೋ ಹುಳ’ ಅಂದರೆ, ಯಾವ ಹುಳ ಎಂದು ಈ ಸಲ ನೀವೇ ಕೇಳಿ.